ಉಡುಪಿ–ಮಂಗಳೂರು ಎರಡು ಸರ್ವರ್, ನಡುವಿನ ಲೈನ್ ಹೋದರೆ ಯಾರು ಪ್ರೈಮರಿ? ಮಳೆಗಾಲಕ್ಕೆ ಮೊದಲು ಸಲಹೆ ಬೇಕು

ಉಡುಪಿ_ಸಿಸ್ಟಮ್ಸ್
ಎಲ್ಲರಿಗೂ ನಮಸ್ಕಾರ. ಒಂದು ಸಹಕಾರಿ ಸಂಘದ ಸೆಟಪ್ ಬಗ್ಗೆ ಕೇಳ್ತಾ ಇದ್ದೇನೆ. ಪ್ರಧಾನ ಕಚೇರಿ ಉಡುಪಿಯಲ್ಲಿ, ದೊಡ್ಡ ಶಾಖೆ ಮಂಗಳೂರಿನಲ್ಲಿ, ಸಣ್ಣ ಶಾಖೆಗಳು ಎರಡೂ ಜಿಲ್ಲೆಗಳಲ್ಲಿ ಹರಡಿಕೊಂಡಿವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಪ್ರೈಮರಿ (ಬರಹವೆಲ್ಲ ಹೋಗುವ ಮುಖ್ಯ ಸರ್ವರ್) ಉಡುಪಿಯಲ್ಲಿ, ಸ್ಟ್ರೀಮಿಂಗ್ ರೆಪ್ಲಿಕಾ (ಅದರ ಬದಲಾವಣೆಗಳನ್ನು ಕೂಡಲೇ ಪಡೆಯುವ ನಕಲು) ಮಂಗಳೂರಿನಲ್ಲಿ, ನಡುವೆ ಒಂದು ಲೀಸ್ಡ್ ಲೈನ್.

ಈಗಿನ ಯೋಜನೆ: ಮಂಗಳೂರಿನ ಸರ್ವರ್ 5 ಸೆಕೆಂಡಿಗೊಮ್ಮೆ ಉಡುಪಿಗೆ ಪಿಂಗ್ ಮಾಡುವುದು (ಇದ್ದೀಯಾ ಅಂತ ಸಣ್ಣ ಸಂದೇಶ ಕಳಿಸುವುದು). ಸತತ ಮೂರು ಸಲ ಉತ್ತರ ಬಾರದಿದ್ದರೆ ಸ್ಕ್ರಿಪ್ಟ್ ತಾನೇ ರೆಪ್ಲಿಕಾವನ್ನು ಪ್ರೊಮೋಟ್ ಮಾಡಿ (ಪ್ರೈಮರಿಯಾಗಿಸಿ) ಶಾಖೆಗಳನ್ನೆಲ್ಲ ಮಂಗಳೂರಿಗೆ ತಿರುಗಿಸುವುದು. ಆಡಳಿತ ಮಂಡಳಿಯವರು ಎರಡು ಸರ್ವರಿಗೆ ಮಾತ್ರ ದುಡ್ಡು ಕೊಡ್ತಾರೆ. ಇದರಲ್ಲಿ ಎಲ್ಲೆಲ್ಲಿ ತೊಂದರೆ ಉಂಟು? ಜೂನಿಗೆ ಮೊದಲು ಸರಿಮಾಡಬೇಕು.

ಸುರತ್ಕಲ್_ಪ್ಯಾಕೆಟ್
ಆ ಸ್ಕ್ರಿಪ್ಟನ್ನು ಹಾಕಲೇಬೇಡಿ ಮಾರಾಯ್ರೆ. ಪಿಂಗ್ ಬರಲಿಲ್ಲ ಅಂದರೆ ಉಡುಪಿ ಸರ್ವರ್ ಸತ್ತಿದೆ ಅಂತಲ್ಲ, ಮಂಗಳೂರಿಗೆ ಅದು ಕಾಣ್ತಾ ಇಲ್ಲ ಅಂತ ಅಷ್ಟೆ. ಹೆದ್ದಾರಿ 66ರ ಬದಿಯಲ್ಲಿ ಜೆಸಿಬಿ ಒಂದು ಕೇಬಲ್ ಕಿತ್ತರೆ ಎರಡೂ ಸರ್ವರ್ ಚೆನ್ನಾಗಿಯೇ ಇರ್ತವೆ. ಉಡುಪಿ ಕಡೆಯ ಶಾಖೆಗಳು ಉಡುಪಿಗೆ ಬರೀತವೆ, ಮಂಗಳೂರು ಕಡೆಯವು ಮಂಗಳೂರಿಗೆ. ಒಂದೇ ರಂಗಸ್ಥಳದಲ್ಲಿ ಇಬ್ಬರು ಭಾಗವತರು ಬೇರೆ ಬೇರೆ ಪದ ಎತ್ತಿದ ಹಾಗೆ. ಒಂದೇ ಎಸ್‌ಬಿ ಖಾತೆಯಿಂದ ಎರಡೂ ಕಡೆ ಹಣ ತೆಗೆದಿದ್ದರೆ, ಲೈನ್ ಬಂದ ಮೇಲೆ ಯಾವ ಬ್ಯಾಲೆನ್ಸ್ ಸರಿ ಅಂತ ಹೇಳುವ ಟೂಲ್ ಯಾವುದೂ ಇಲ್ಲ. ವೋಚರ್ ಹಿಡ್ಕೊಂಡು ಕೈಯಲ್ಲೇ ಹೊಂದಿಸಬೇಕು. ಸ್ಪ್ಲಿಟ್ ಬ್ರೇನ್ ಅಂದರೆ ಇದೇ.

ಮಲ್ಪೆ_ಬೋಟು
ಇನ್ನೊಂದು ಕಂಪನಿಯ ಲೈನ್ ತಗೊಂಡ್ರೆ ಆಯ್ತಲ್ಲ? ಎರಡೂ ಒಟ್ಟಿಗೆ ಹೋಗುದಿಲ್ಲ.

ಪುತ್ತೂರು_ನೆಟ್
ಹೋಗ್ತದೆ. ಬಿಲ್ ಎರಡು ಕಂಪನಿಯದ್ದಾದರೂ ಫೈಬರ್ ಒಂದೇ ಕಂಬದ ಮೇಲೆ, ಒಂದೇ ಡಕ್ಟಿನಲ್ಲಿ ಬರುವುದು ತುಂಬ ಸಾಮಾನ್ಯ. ಒಬ್ಬರು ಇನ್ನೊಬ್ಬರ ಫೈಬರನ್ನೇ ಬಾಡಿಗೆಗೆ ತಗೊಂಡಿರುವುದೂ ಉಂಟು. ಆರ್ಡರ್ ಕೊಡುವ ಮೊದಲು ಎರಡೂ ಕಡೆಯವರಿಂದ ಕೇಬಲ್ ಬರುವ ದಾರಿಯ ಮ್ಯಾಪ್ ಫೈಲ್ ಕೇಳಿ, ಗೂಗಲ್ ಅರ್ತ್‌ನಲ್ಲಿ ಒಂದರ ಮೇಲೊಂದು ಹಾಕಿ ನೋಡಿ. ಒಂದು ಹೆದ್ದಾರಿ ಬದಿಯಲ್ಲಿ ಬಂದರೆ ಇನ್ನೊಂದು ಕಾರ್ಕಳ–ಮೂಡುಬಿದಿರೆ ಕಡೆಯಿಂದ ಸುತ್ತಿ ಬರಲಿ. ಕಟ್ಟಡದ ಒಳಗೆ ಬರುವ ಪೈಪೂ ಬೇರೆ ಗೋಡೆಯಿಂದಲೇ ಬರಬೇಕು.

ಬೇರೆ ದಾರಿಯ ಫೈಬರ್ ಸಿಗದಿದ್ದರೆ ಎರಡನೆಯದಕ್ಕೆ 4ಜಿ ಅಥವಾ ರೇಡಿಯೋ ಲಿಂಕ್. 5 ಗಿಗಾಹರ್ಟ್ಸ್ ರೇಡಿಯೋಗೆ ಮಳೆ ಅಷ್ಟು ತಾಗುವುದಿಲ್ಲ, 60 ಗಿಗಾಹರ್ಟ್ಸ್‌ನದ್ದು ನಮ್ಮ ಜುಲೈ ಮಳೆಗೆ ಕೂತೇ ಬಿಡ್ತದೆ.

ಎರಡು ಲೈನ್ ಖಂಡಿತ ಬೇಕು. ಆದರೆ ಅದರಿಂದ ಲಿಂಕ್ ಕಡಿಯುವುದು ಕಡಿಮೆ ಆಗ್ತದೆಯೇ ಹೊರತು ಸುರತ್ಕಲ್‌ನವರು ಹೇಳಿದ ಸಮಸ್ಯೆ ಹೋಗುವುದಿಲ್ಲ.

ಬಂಟ್ವಾಳ_ಬಿಟ್ಸ್
ಕೀಪ್‌ಅಲೈವ್ಡ್ ಅನ್ನುವ ಸಾಫ್ಟ್‌ವೇರ್ ಹಾಕಿ, ಬದುಕಿರುವ ಸರ್ವರಿಗೆ ಹೋಗುವ ಒಂದು ವರ್ಚುವಲ್ ಐಪಿ ವಿಳಾಸ ಕೊಟ್ರೆ ಸುಲಭ ಅಲ್ವಾ? 4 ಸೆಕೆಂಡಿನ ಒಳಗೆ ಬದಲಾಗ್ತದೆ.

ಸುರತ್ಕಲ್_ಪ್ಯಾಕೆಟ್
ಒಂದೇ ಲ್ಯಾನ್‌ನಲ್ಲಿ ಎರಡು ರೂಟರ್ ಇದ್ದರೆ ಬಹಳ ಒಳ್ಳೆಯದು, ಶಾಖೆಗಳ ಗೇಟ್‌ವೇಗೆ ಅದನ್ನೇ ಹಾಕಿ. ಎರಡು ಊರಿನ ನಡುವೆ ಆಗುವುದಿಲ್ಲ. ಅದು ಬಳಸುವ ವಿಆರ್‌ಆರ್‌ಪಿ ನಿಯಮದ 'ನಾನಿದ್ದೇನೆ' ಅನ್ನುವ ಜಾಹೀರಾತು 224.0.0.18 ಎಂಬ ಮಲ್ಟಿಕಾಸ್ಟ್ (ಹಲವರಿಗೆ ಒಟ್ಟಿಗೆ ಹೋಗುವ) ವಿಳಾಸಕ್ಕೆ ಸೆಕೆಂಡಿಗೊಂದು ಹೋಗ್ತದೆ, ರೂಟರ್ ದಾಟುವುದಿಲ್ಲ. ಯುನಿಕಾಸ್ಟ್ ಮಾಡಿ (ನೇರ ಒಂದೇ ವಿಳಾಸಕ್ಕೆ ಕಳಿಸಿ) ದಾಟಿಸಿದರೂ ಲಿಂಕ್ ಕಡಿದ ಕೂಡಲೇ ಎರಡೂ ಕಡೆ ತಾನೇ ಮಾಸ್ಟರ್ ಅಂತ ಕೂರ್ತವೆ. ಅದರಲ್ಲಿ ಮತದಾನ ಅನ್ನುವುದೇ ಇಲ್ಲ. ಡೇಟಾಬೇಸ್ ಯಾರದ್ದು ಅಂತ ನಿರ್ಧರಿಸಲಿಕ್ಕೆ ಅದು ಸಲ್ಲ.

ಮಣಿಪಾಲ_ಕೋರಂ
ಮೂಲ ವಿಷಯಕ್ಕೆ ಬರುವ. ಎರಡು ಯಂತ್ರಗಳಿಂದ ಸುರಕ್ಷಿತ ಸ್ವಯಂಚಾಲಿತ ಫೇಲ್‌ಓವರ್ (ಒಂದು ಕೆಟ್ಟಾಗ ಇನ್ನೊಂದು ವಹಿಸಿಕೊಳ್ಳುವುದು) ಮಾಡಲಿಕ್ಕೆ ಆಗುವುದೇ ಇಲ್ಲ. ಇಲ್ಲಿ ಎಷ್ಟು ದುಬಾರಿ ಸರ್ವರ್ ಅನ್ನುವುದು ಮುಖ್ಯವಲ್ಲ. ನಿಧಾನವಾಗಿರುವ ಯಂತ್ರಕ್ಕೂ ಸತ್ತ ಯಂತ್ರಕ್ಕೂ ದೂರದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಂದೇಶ ತಲುಪಲು ಕಾಲಮಿತಿಯೇ ಇಲ್ಲದ ನೆಟ್‌ವರ್ಕಿನಲ್ಲಿ ಒಂದೇ ಒಂದು ಯಂತ್ರ ಸಾಯಬಹುದಾದರೂ ಒಮ್ಮತ ಸಿಕ್ಕೇ ಸಿಗುತ್ತದೆ ಅಂತ ಖಾತರಿ ಕೊಡುವ ವಿಧಾನ ಇಲ್ಲ ಎಂದು ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1985ರಲ್ಲೇ ಸಾಧಿಸಿ ತೋರಿಸಿದ್ದಾರೆ. ಹಾಗಾಗಿ ನಿಜವಾದ ವ್ಯವಸ್ಥೆಗಳೆಲ್ಲ ಟೈಮ್‌ಔಟ್ ಇಟ್ಟುಕೊಂಡು ಊಹೆ ಮಾಡ್ತವೆ, ಊಹೆ ತಪ್ಪಿದರೂ ಡೇಟಾ ಹಾಳಾಗದ ಹಾಗೆ ಬಹುಮತ ಕೇಳ್ತವೆ.

ಲೆಕ್ಕ ಸರಳ. ಎಫ್ ಯಂತ್ರ ಸತ್ತರೂ ನಡೆಯಬೇಕಾದರೆ 2ಎಫ್+1 ಮತ ಬೇಕು. 3ರಲ್ಲಿ 1 ಹೋಗಬಹುದು, 5ರಲ್ಲಿ 2. ಎರಡರಲ್ಲಿ ಬಹುಮತ ಅಂದರೆ ಎರಡೂ ಬೇಕು, ಅಂದರೆ ಒಂದು ಹೋದರೆ ಎಲ್ಲ ನಿಂತಿತು.

ಆಡಳಿತ ಮಂಡಳಿಗೆ ಹೇಳಿ, ಮೂರನೆಯದು ದೊಡ್ಡ ಸರ್ವರ್ ಆಗಬೇಕಾಗಿಲ್ಲ. ಅದರಲ್ಲಿ ಗ್ರಾಹಕರ ಡೇಟಾ ಇರುವುದಿಲ್ಲ, ಬರೇ ಮತ ಹಾಕಲಿಕ್ಕೆ ಒಂದು ಇಟಿಸಿಡಿ (ಬಹುಮತದಿಂದ ಒಪ್ಪಿದ ಸಣ್ಣ ಮಾಹಿತಿ ಇಡುವ ಸಾಫ್ಟ್‌ವೇರ್). ಬೆಂಗಳೂರಿನ ಯಾವುದಾದರೂ ಕ್ಲೌಡಿನಲ್ಲಿ 2 ಜಿಬಿ ರ‍್ಯಾಮಿನ ಸಣ್ಣ ಮಶೀನ್ ಸಾಕು. ಉಡುಪಿ ಒಂದು, ಮಂಗಳೂರು ಒಂದು, ಬೆಂಗಳೂರು ಒಂದು. ಡೇಟಾಬೇಸ್ ನೋಡಿಕೊಂಡು ಪ್ರೈಮರಿ ಬದಲಾಯಿಸಲಿಕ್ಕೆ ಪತ್ರೋನಿ ಅನ್ನುವ ಟೂಲ್.

ಮಲ್ಪೆ_ಬೋಟು
ನಾಲ್ಕು ಹಾಕಿದ್ರೆ ಇನ್ನೂ ಗಟ್ಟಿ ಅಲ್ವಾ ಸರ್?

ಮಣಿಪಾಲ_ಕೋರಂ
ಇಲ್ಲ. ನಾಲ್ಕರಲ್ಲಿ ಬಹುಮತಕ್ಕೆ 3 ಬೇಕು, ಹೋಗಬಹುದಾದದ್ದು ಆಗಲೂ ಒಂದೇ. ಕೆಡಬಹುದಾದ ಯಂತ್ರ ಒಂದು ಜಾಸ್ತಿ ಆಯ್ತು ಅಷ್ಟೆ. ಎರಡೆರಡು ಎರಡು ಊರಿನಲ್ಲಿಟ್ಟರೆ ಲಿಂಕ್ ಕಡಿದಾಗ ಯಾರಿಗೂ ಬಹುಮತ ಇಲ್ಲ. ಮೂರರಲ್ಲಿ ಎರಡನ್ನು ಉಡುಪಿ ಕಚೇರಿಯಲ್ಲೇ ಇಟ್ಟರೂ ತಪ್ಪು, ಉಡುಪಿ ಮುಳುಗಿದರೆ ಮಂಗಳೂರು ಏನೂ ಮಾಡಲಾರದು. ಮೂರೂ ಬೇರೆ ಜಾಗ, ಬೇರೆ ಕರೆಂಟು, ಬೇರೆ ಲೈನ್.

ಕುಂದಾಪ್ರ_ಹೈದ
ಒಂದ್ ರಾಸ್‌ಬೆರಿ ಪೈ (ಅಂಗೈಯಷ್ಟಿನ ಕಂಪ್ಯೂಟರ್) ತಕಂಡು ಕಾರ್ಕಳದ ಶಾಖೆಯಲ್ಲಿ ಇಟ್ರೆ ಸಾಕಲ್ದಾ? ಕ್ಲೌಡಿಗೆ ತಿಂಗಳ ತಿಂಗಳ ದುಡ್ಡು ಯಾಕೆ.

ಕದ್ರಿ_ಡಿಬಿಎ
ಜಾಗ ಸರಿ, ಆದರೆ ಎಸ್‌ಡಿ ಕಾರ್ಡ್ ಮೇಲೆ ಬೇಡ. ಇಟಿಸಿಡಿ ಪ್ರತಿ ಮತವನ್ನೂ ಡಿಸ್ಕಿಗೆ ಎಫ್‌ಸಿಂಕ್ ಮಾಡಿದ (ಖಾಯಂ ಬರೆದು ಮುಗಿಸಿದ) ಮೇಲೆಯೇ ಒಪ್ಪಿಕೊಳ್ಳುವುದು. ನೂರರಲ್ಲಿ 99 ಎಫ್‌ಸಿಂಕ್ 10 ಮಿಲಿಸೆಕೆಂಡಿನ ಒಳಗೆ ಮುಗಿಯಬೇಕು ಅನ್ನುವುದು ಅವರದ್ದೇ ಸಲಹೆ. ಎಸ್‌ಡಿ ಕಾರ್ಡ್ ಕೆಲವೊಮ್ಮೆ ನೂರಾರು ಮಿಲಿಸೆಕೆಂಡು ಕೂತುಬಿಡ್ತದೆ, ಆಗ ಸುಮ್ಮನೆ ಮರುಚುನಾವಣೆ. ಪೈಗೆ ಎಸ್‌ಎಸ್‌ಡಿ ಸಿಕ್ಕಿಸಿದರೆ ನಡೀತದೆ. ಇದೇ ಕಾರಣಕ್ಕೆ ಉಡುಪಿ, ಮಂಗಳೂರಿನ ಸರ್ವರಿನಲ್ಲೂ ಇಟಿಸಿಡಿಯನ್ನು ಪೋಸ್ಟ್‌ಗ್ರೆಸ್ ಇರುವ ಡಿಸ್ಕಿನ ಮೇಲೆ ಇಡಬೇಡಿ. ದಿನದ ಕೊನೆಯ ಬಡ್ಡಿ ಲೆಕ್ಕ ಓಡುವಾಗ ಡಿಸ್ಕ್ ಬಿಸಿಯಾಗಿ, ಸುಖಾಸುಮ್ಮನೆ ಫೇಲ್‌ಓವರ್ ಆಗ್ತದೆ.

ಇನ್ನೊಂದು: ಇಟಿಸಿಡಿಯ ಡಿಫಾಲ್ಟ್ ಹೃದಯಬಡಿತ (ನಾಯಕ 'ಇದ್ದೇನೆ' ಅಂತ ಹೇಳುವ ಅಂತರ) 100 ಮಿಲಿಸೆಕೆಂಡು, ಚುನಾವಣೆಯ ಟೈಮ್‌ಔಟ್ 1000. ಒಂದೇ ಕೋಣೆಯ ಯಂತ್ರಗಳಿಗೆ ಇಟ್ಟ ಸಂಖ್ಯೆ ಅದು. ಲೈನ್ 4ಜಿಗೆ ಬಿದ್ದಾಗ ಹೋಗಿಬರುವ ಸಮಯ ಒಮ್ಮೊಮ್ಮೆ 200–300 ಮಿಲಿಸೆಕೆಂಡಿಗೆ ಹಾರಬಹುದು. ಟೈಮ್‌ಔಟ್ ಕನಿಷ್ಠ ಆ ಸಮಯದ ಹತ್ತುಪಟ್ಟು ಇರಲಿ. 300 ಮತ್ತು 3000 ಇಟ್ಟು ಶುರುಮಾಡಿ, ಮೂರೂ ಕಡೆ ಒಂದೇ ಸಂಖ್ಯೆ ಇರಬೇಕು.

ಉಡುಪಿ_ಸಿಸ್ಟಮ್ಸ್
ಇದು ಹೊಳೆದಿರಲಿಲ್ಲ, ಮತಕ್ಕೆ ಮಾತ್ರ ಆದರೆ ದುಡ್ಡು ಒಪ್ಪಿಸಬಹುದು. ಲಿಂಕ್ ಕಡಿದಾಗ ಉಡುಪಿಯ ಹಳೆ ಪ್ರೈಮರಿ ಬರೆಯುವುದನ್ನು ನಿಲ್ಲಿಸುತ್ತದೆ ಅಂತ ಖಾತರಿ ಹೇಗೆ?

ಕದ್ರಿ_ಡಿಬಿಎ
ಪತ್ರೋನಿಯಲ್ಲಿ ನಾಯಕತ್ವ ಅನ್ನುವುದು ಇಟಿಸಿಡಿಯಲ್ಲಿರುವ ಒಂದು ಕೀಲಿ, ಅದಕ್ಕೆ ಆಯುಷ್ಯ ಉಂಟು. ಡಿಫಾಲ್ಟ್ ಟಿಟಿಎಲ್ (ಆ ಆಯುಷ್ಯ) 30 ಸೆಕೆಂಡು, ಲೂಪ್ ವೇಟ್ (ಸುತ್ತುಗಳ ನಡುವಿನ ಅಂತರ) 10, ರಿಟ್ರೈ ಟೈಮ್‌ಔಟ್ (ಮರುಪ್ರಯತ್ನದ ಮಿತಿ) 10. ಪ್ರೈಮರಿ ಪ್ರತಿ ಸುತ್ತಿನಲ್ಲಿ ಕೀಲಿಯನ್ನು ನವೀಕರಿಸಬೇಕು. ಬಹುಮತ ಸಿಗದೆ ನವೀಕರಿಸಲಾಗದಿದ್ದರೆ ತಾನೇ ಪೋಸ್ಟ್‌ಗ್ರೆಸನ್ನು ಓದಲಿಕ್ಕೆ ಮಾತ್ರ ಅನ್ನುವ ಸ್ಥಿತಿಗೆ ಇಳಿಸ್ತದೆ. ಕೀಲಿಯ ಆಯುಷ್ಯ ಮುಗಿದ ಮೇಲೆಯೇ ಮಂಗಳೂರು ಅದನ್ನು ಹಿಡಿಯುವುದು. ಲೂಪ್ ವೇಟ್ ಜೊತೆ ರಿಟ್ರೈಯ ಎರಡರಷ್ಟು ಕೂಡಿಸಿದರೆ ಟಿಟಿಎಲ್ ಮೀರಬಾರದು. 10 + 20 = 30, ಸರಿಯಾಗಿ ಹೊಂದ್ತದೆ. ಬೇಗ ಆಗಲಿ ಅಂತ ಟಿಟಿಎಲ್ ಒಂದನ್ನೇ 15ಕ್ಕೆ ಇಳಿಸುವವರು ಈ ಲೆಕ್ಕವನ್ನೇ ಮುರಿಯುತ್ತಾರೆ.

ಒಂದು ಸಂದು ಉಳಿಯಿತು. ಪತ್ರೋನಿ ಪ್ರಕ್ರಿಯೆಯೇ ಹೆಪ್ಪುಗಟ್ಟಿ ಪೋಸ್ಟ್‌ಗ್ರೆಸ್ ಮಾತ್ರ ಓಡುತ್ತಾ ಇದ್ದರೆ? ಅದಕ್ಕೆ ವಾಚ್‌ಡಾಗ್, ಆಗಾಗ ತಟ್ಟದಿದ್ದರೆ ಯಂತ್ರವನ್ನೇ ರೀಸೆಟ್ ಮಾಡುವ ಕಾವಲು. ಯಂತ್ರದಲ್ಲಿ ಹಾರ್ಡ್‌ವೇರ್ ವಾಚ್‌ಡಾಗ್ ಇದ್ದರೆ ಅದು, ಇಲ್ಲವಾದರೆ ಲಿನಕ್ಸಿನ ಸಾಫ್ಟ್‌ಡಾಗ್. ಮೋಡ್ 'ರಿಕ್ವೈರ್ಡ್' ಅಂತ ಇಡಿ, ಆಗ ವಾಚ್‌ಡಾಗ್ ಸಿಗದ ಯಂತ್ರ ನಾಯಕನಾಗುವುದಿಲ್ಲ. ಪತ್ರೋನಿ ಅದನ್ನು ತಟ್ಟದಿದ್ದರೆ ಕೀಲಿ ಮುಗಿಯುವ 5 ಸೆಕೆಂಡು ಮೊದಲೇ ಯಂತ್ರ ರೀಸೆಟ್.

ಬಂಟ್ವಾಳ_ಬಿಟ್ಸ್
ವಾಚ್‌ಡಾಗ್ ಯಾಕೆ, ಐಪಿಎಂಐ (ದೂರದಿಂದ ಸರ್ವರ್ ಆನ್-ಆಫ್ ಮಾಡುವ ವ್ಯವಸ್ಥೆ) ಮೂಲಕ ಮಂಗಳೂರಿನಿಂದಲೇ ಉಡುಪಿ ಸರ್ವರಿನ ಪವರ್ ಆಫ್ ಮಾಡ್ಲಿಕ್ಕೆ ಆಗ್ತದಲ್ಲ. ಫೆನ್ಸಿಂಗ್ ಅಂದ್ರೆ ಅದೇ.

ಸುರತ್ಕಲ್_ಪ್ಯಾಕೆಟ್
ಒಂದೇ ರ‍್ಯಾಕಿನಲ್ಲಾದರೆ ಒಪ್ಪುತ್ತೇನೆ. ಇಲ್ಲಿ ಫೆನ್ಸಿಂಗ್ ಆದೇಶ ಹೋಗಬೇಕಾದ್ದು ಕಡಿದುಹೋದ ಅದೇ ಲೈನಿನಲ್ಲಿ! ಉಡುಪಿಯಲ್ಲಿ ಕರೆಂಟೇ ಹೋಗಿದ್ದರೆ ಐಪಿಎಂಐಯೂ ಸತ್ತಿರ್ತದೆ, 'ಆಫ್ ಆಯ್ತು' ಅಂತ ಖಾತರಿ ಬಾರದೆ ಮಂಗಳೂರು ಕಾಯುತ್ತಾ ಕೂರ್ತದೆ. ಎರಡು ಊರಿನ ನಡುವೆ ಆಯುಷ್ಯವಿರುವ ಕೀಲಿ, ಜೊತೆಗೆ ವಾಚ್‌ಡಾಗ್. ಬೇರೆ ದಾರಿ ಇಲ್ಲ.

ಮಲ್ಪೆ_ಬೋಟು
ಎಲ್ಲ ಸರಿ, ಆದ್ರೆ ಇಷ್ಟು ಆಟೊಮ್ಯಾಟಿಕ್ ಯಾಕೆ ಬೇಕು ಅಂತ. ಕೌಂಟರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಸರ್ವರ್ ಹೋದ್ರೆ ಒಬ್ರು ಫೋನ್ ಮಾಡಿ, ಉಡುಪಿಯಲ್ಲಿ ಕೇಬಲ್ ಕಿತ್ತಿಟ್ಟು, ಮಂಗಳೂರಲ್ಲಿ ಪ್ರೊಮೋಟ್ ಒತ್ತಿದ್ರೆ 15 ನಿಮಿಷದ ಕೆಲಸ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ 2018ರ ಅಕ್ಟೋಬರ್ 21ಕ್ಕೆ ಆದದ್ದು ನೋಡಿ. ಲಿಂಕ್ ಹೋದದ್ದು 43 ಸೆಕೆಂಡು. ಆಟೊಮ್ಯಾಟಿಕ್ ಫೇಲ್‌ಓವರ್ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಪ್ರೈಮರಿ ಬದಲಾಯಿಸಿತು, ಸರಿಯಾಗುವಾಗ 24 ಗಂಟೆ 11 ನಿಮಿಷ. ಸುಮ್ಮನೆ ಒಂದು ನಿಮಿಷ ಕಾದಿದ್ರೆ ಮುಗೀತಿತ್ತು.

ಮಣಿಪಾಲ_ಕೋರಂ
ಒಳ್ಳೆಯ ಉದಾಹರಣೆ, ಆದರೆ ಅದು ಹೇಳುವುದು ಬೇರೆ. ಅಲ್ಲಿ ಬಹುಮತ ಸರಿಯಾಗಿಯೇ ಕೆಲಸ ಮಾಡಿತ್ತು. ರೆಪ್ಲಿಕೇಶನ್ ಹಿಂದೆ ಇತ್ತು. ಪೂರ್ವದಲ್ಲಿ ಕೆಲವು ಸೆಕೆಂಡುಗಳ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ, ಅಷ್ಟರಲ್ಲಿ ಪಶ್ಚಿಮ ಹೊಸ ಬರಹ ಶುರುಮಾಡಿತು. ಎರಡೂ ಕಡೆ ಇನ್ನೊಂದು ಕಡೆಯಲ್ಲಿ ಇಲ್ಲದ ಡೇಟಾ ಕೂತಿತು. ಯಾರು ಪ್ರೈಮರಿ ಅನ್ನುವುದು ಒಂದು ಪ್ರಶ್ನೆ, ಹೊಸ ಪ್ರೈಮರಿಯಲ್ಲಿ ಎಲ್ಲ ಡೇಟಾ ಉಂಟಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕೋರಂ (ಬಹುಮತ), ಎರಡನೆಯದಕ್ಕೆ ಸಿಂಕ್ರೊನಸ್ ರೆಪ್ಲಿಕೇಶನ್ (ರೆಪ್ಲಿಕಾಕ್ಕೆ ತಲುಪಿದ ಮೇಲೆಯೇ ಬರಹ ಆಯ್ತು ಅನ್ನುವುದು). ನೀವು ಕೈಯಲ್ಲಿ ಪ್ರೊಮೋಟ್ ಮಾಡಿದರೂ ಎರಡನೆಯ ಪ್ರಶ್ನೆ ಹಾಗೆಯೇ ಇರ್ತದೆ.

ಮಲ್ಪೆ_ಬೋಟು
ಕೈಯಲ್ಲಿ ಮಾಡುವಾಗ ಮನುಷ್ಯ ನೋಡಿ ಮಾಡ್ತಾನೆ, ಅದು ದೊಡ್ಡ ವ್ಯತ್ಯಾಸ.

ಕದ್ರಿ_ಡಿಬಿಎ
ಬೋಟಿನವರ ವಾದದಲ್ಲಿ ತೂಕ ಉಂಟು. ಯುಪಿಐ, ಎಟಿಎಂ ಇಲ್ಲದ ಸಂಘವಾದರೆ ನಾನೂ ಕೈಯಲ್ಲೇ ಮಾಡಿ ಅಂತೇನೆ. ಇದ್ದರೆ ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಬೇಕು. ಪತ್ರೋನಿಯನ್ನು 'ಪಾಜ್' (ವಿರಾಮ) ಸ್ಥಿತಿಯಲ್ಲಿಟ್ಟು ಕೈಯಲ್ಲಿ ಬದಲಾಯಿಸಲಿಕ್ಕೂ ಬರ್ತದೆ, ಶುರುವಿನ ತಿಂಗಳು ಹಾಗೆಯೇ ಇಡಿ. ಆದರೆ ಕೈಯಲ್ಲಿ ಮಾಡುವಾಗಲೂ ಕ್ರಮ ಬರೆದು ಗೋಡೆಗೆ ಅಂಟಿಸಿರಬೇಕು: ಮೊದಲು ಹಳೆ ಪ್ರೈಮರಿಯ ನೆಟ್‌ವರ್ಕ್ ಕೇಬಲ್ ಕಿತ್ತದ್ದನ್ನು ಒಬ್ಬರು ಕಣ್ಣಾರೆ ನೋಡಿ ಹೇಳಬೇಕು, ಆಮೇಲೆ ರೆಪ್ಲಿಕಾ ಕೊನೆಯದಾಗಿ ಪಡೆದ ಎಲ್‌ಎಸ್‌ಎನ್ (ಬರಹ ಎಲ್ಲಿಯವರೆಗೆ ಬಂತು ಅನ್ನುವ ಸಂಖ್ಯೆ) ಬರೆದಿಟ್ಟುಕೊಳ್ಳಬೇಕು, ಆಮೇಲೆ ಪ್ರೊಮೋಟ್. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರುವುದೇ ಎಲ್ಲ ಅನಾಹುತದ ಮೂಲ.

ಸಿಂಕ್ರೊನಸ್ ಬಗ್ಗೆ. ಬೆಳಕಿಗೆ ಫೈಬರಿನಲ್ಲಿ ಕಿಲೋಮೀಟರಿಗೆ ಸುಮಾರು 5 ಮೈಕ್ರೊಸೆಕೆಂಡು. ಉಡುಪಿ–ಮಂಗಳೂರು 60 ಕಿ.ಮೀ. ನೇರ ಫೈಬರ್ ಅಂದುಕೊಂಡರೆ ಹೋಗಿಬರಲು 0.6 ಮಿಲಿಸೆಕೆಂಡು, ಏನೂ ಅಲ್ಲ. ಆದರೆ ಸಾಮಾನ್ಯ ಇಂಟರ್ನೆಟ್ ಲೈನಾದರೆ ಪ್ಯಾಕೆಟ್ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿ ಇಳಿದು ಬರಬಹುದು. ಆಗ ಒಂದು ಕಡೆಗೆ 750 ಕಿ.ಮೀ. ಆಯ್ತು, ಹೋಗಿಬರಲು ಬೆಳಕಿಗೇ 7.5 ಮಿಲಿಸೆಕೆಂಡು, ಮೇಲೆ ಉಪಕರಣಗಳದ್ದು. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟೂಲ್) ಮಾಡಿ ನೋಡಿ. ಕೌಂಟರಿನ ಕೆಲಸಕ್ಕೆ ಇದು ಗೊತ್ತೇ ಆಗುವುದಿಲ್ಲ. ಬಡ್ಡಿ ಹಾಕುವ ಪ್ರೋಗ್ರಾಮ್ ಖಾತೆಗೊಂದು ಕಮಿಟ್ (ಬರಹವನ್ನು ಖಾಯಂ ಮಾಡುವುದು) ಮಾಡುತ್ತಿದ್ದರೆ ಮಾತ್ರ ಲಕ್ಷ ಖಾತೆಗೆ 750 ಸೆಕೆಂಡು ಬರೇ ಕಾಯುವುದಕ್ಕೇ ಹೋಗ್ತದೆ. ಸಾವಿರ ಖಾತೆಗೊಂದು ಕಮಿಟ್ ಮಾಡಿಸಿ.

ಉಡುಪಿ_ಸಿಸ್ಟಮ್ಸ್
ಸಿಂಕ್ರೊನಸ್ ಇಟ್ಟ ಮೇಲೆ ಮಂಗಳೂರು ಹೋದರೆ ಉಡುಪಿಯೂ ನಿಲ್ಲುತ್ತದಾ?

ಕದ್ರಿ_ಡಿಬಿಎ
ಪತ್ರೋನಿಯ ಸಾದಾ ಸಿಂಕ್ರೊನಸ್ ಮೋಡಿನಲ್ಲಿ ನಿಲ್ಲುವುದಿಲ್ಲ. ರೆಪ್ಲಿಕಾ ಇಲ್ಲ ಅಂತಾದರೆ ಪ್ರೈಮರಿ ಒಂಟಿಯಾಗಿ ಮುಂದುವರಿಯುತ್ತದೆ, ಆದರೆ ಹಿಂದೆ ಬಿದ್ದ ರೆಪ್ಲಿಕಾವನ್ನು ಇಟಿಸಿಡಿಯ ಪಟ್ಟಿಯಿಂದ ತೆಗೆದುಹಾಕ್ತದೆ. ಪಟ್ಟಿಯಲ್ಲಿ ಇಲ್ಲದ್ದು ತಾನಾಗಿ ಪ್ರೊಮೋಟ್ ಆಗುವುದಿಲ್ಲ. ಇದೇ ನಿಮಗೆ ಬೇಕಾದ್ದು. 'ಸ್ಟ್ರಿಕ್ಟ್' ಮೋಡಾದರೆ ಬರಹ ನಿಲ್ಲುತ್ತದೆ, ಒಂದೇ ರೆಪ್ಲಿಕಾ ಇರುವವರಿಗೆ ಅದು ಬೇಡ.

ಇಲ್ಲಿ ಒಂದು ಸೂಕ್ಷ್ಮ ಉಂಟು. ರೆಪ್ಲಿಕಾಕ್ಕೆ ಕಾಯುತ್ತಿರುವ ಕಮಿಟನ್ನು ಯಾರಾದರೂ ಕ್ಯಾನ್ಸಲ್ ಮಾಡಿದರೆ ಅದು ರದ್ದಾಗುವುದಿಲ್ಲ. ಪ್ರೈಮರಿಯಲ್ಲಿ ಕಮಿಟ್ ಆಗಿಯೇ ಇರ್ತದೆ, ರೆಪ್ಲಿಕಾಕ್ಕೆ ತಲುಪಿರಲಿಕ್ಕಿಲ್ಲ ಅಂತ ಒಂದು ಎಚ್ಚರಿಕೆ ಮಾತ್ರ ಬರ್ತದೆ. ಅದನ್ನು ವಿಫಲ ಅಂತ ತಿಳಿದು ಮತ್ತೊಮ್ಮೆ ಹಾಕಿದರೆ ಎರಡು ಸಲ ಜಮಾ.

ಪುತ್ತೂರು_ನೆಟ್
ಎರಡು ಸಲ ಜಮಾ ಅಂದದ್ದಕ್ಕೆ: ಇದು ಡೇಟಾಬೇಸಿನಲ್ಲಿ ಮಾತ್ರ ಸರಿಯಾಗುವ ವಿಷಯ ಅಲ್ಲ. ಕೌಂಟರಿನವರು ಸ್ಕ್ರೀನ್ ತಿರುಗ್ತಾ ಇದ್ದರೆ ಮತ್ತೊಮ್ಮೆ ಒತ್ತಿಯೇ ಒತ್ತುತ್ತಾರೆ, ಅದನ್ನು ತಡೆಯಲಿಕ್ಕೆ ಆಗುವುದಿಲ್ಲ. ಹಾಗಾಗಿ ವ್ಯವಹಾರದ ಗುರುತು ಸಂಖ್ಯೆ ಸರ್ವರಿನಲ್ಲಿ ಹುಟ್ಟಬಾರದು, ಕೌಂಟರಿನ ಕಂಪ್ಯೂಟರಿನಲ್ಲಿ ಫಾರ್ಮ್ ತೆರೆದಾಗಲೇ ಹುಟ್ಟಬೇಕು. ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ. ಟೇಬಲ್ಲಿನಲ್ಲಿ ಆ ಕಾಲಮ್ಮಿಗೆ ಯೂನಿಕ್ ಇಂಡೆಕ್ಸ್, ಒಂದೇ ಸಂಖ್ಯೆ ಎರಡು ಸಲ ಸೇರದ ಹಾಗೆ. ಎರಡನೆಯ ಸಲ ಬಂದರೆ ತಪ್ಪು ಅಂತ ಹೇಳದೆ ಮೊದಲಿನ ರಶೀದಿಯನ್ನೇ ತಿರುಗಿ ಕೊಡಬೇಕು.

ಫೇಲ್‌ಓವರ್ ಆದ ಮೇಲೆ ಶಾಖೆಗಳು 'ನೇತಾಡುವುದು' ಇನ್ನೊಂದು ದೊಡ್ಡ ಕಿರಿಕಿರಿ. ಸತ್ತ ಸರ್ವರ್ ಬೈ ಹೇಳಿ ಹೋಗುವುದಿಲ್ಲ, ಹಾಗಾಗಿ ಕ್ಲೈಂಟಿಗೆ ಸಂಪರ್ಕ ಹೋದದ್ದೇ ಗೊತ್ತಾಗುವುದಿಲ್ಲ. ಲಿನಕ್ಸಿನಲ್ಲಿ ಟಿಸಿಪಿ ಕೀಪ್‌ಅಲೈವ್ (ಸುಮ್ಮನಿರುವ ಸಂಪರ್ಕ ಬದುಕಿದೆಯಾ ಅನ್ನುವ ಪರೀಕ್ಷೆ) ಶುರುವಾಗುವುದೇ 7200 ಸೆಕೆಂಡಿನ ಮೇಲೆ. ಡೇಟಾ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದರೆ 15 ಮರುಪ್ರಯತ್ನ ಮುಗಿದು ಕೈಬಿಡಲು ಸುಮಾರು 924 ಸೆಕೆಂಡು, ಅಂದರೆ ಕಾಲು ಗಂಟೆ. ಸರ್ವರ್ 30 ಸೆಕೆಂಡಿನಲ್ಲಿ ಬದಲಾಗಿ ಏನು ಪ್ರಯೋಜನ? ಕನೆಕ್ಷನ್ ಸ್ಟ್ರಿಂಗಿನಲ್ಲಿ ಎರಡೂ ಸರ್ವರ್ ಹೆಸರು ಹಾಕಿ, ಬರೆಯಲು ಬರುವುದಕ್ಕೆ ಮಾತ್ರ ಸೇರು ಎನ್ನುವ ಆಯ್ಕೆ ಕೊಡಿ. ಕನೆಕ್ಟ್ ಟೈಮ್‌ಔಟ್ 3 ಸೆಕೆಂಡು, ಕೀಪ್‌ಅಲೈವ್ 30 ಸೆಕೆಂಡಿಗೆ, ಟಿಸಿಪಿ ಯೂಸರ್ ಟೈಮ್‌ಔಟ್ (ಕಳಿಸಿದ್ದಕ್ಕೆ ಉತ್ತರ ಕಾಯುವ ಮಿತಿ) 20 ಸೆಕೆಂಡು.

ಮರುಪ್ರಯತ್ನ ಎಲ್ಲ ಶಾಖೆಯಿಂದ ಒಂದೇ ಹೊತ್ತಿಗೆ ಬಂದರೆ ಆಗಷ್ಟೇ ಎದ್ದ ಸರ್ವರ್ ಮತ್ತೆ ಮಲಗ್ತದೆ. 1, 2, 4, 8 ಹೀಗೆ ದುಪ್ಪಟ್ಟು ಮಾಡುತ್ತಾ 30ಕ್ಕೆ ನಿಲ್ಲಿಸಿ, ಪ್ರತಿ ಸಲವೂ ಸೊನ್ನೆಯಿಂದ ಆ ಸಂಖ್ಯೆಯವರೆಗೆ ಯಾವುದಾದರೂ ಒಂದು ಯಾದೃಚ್ಛಿಕ ಹೊತ್ತು ಕಾಯಲಿ.

ಕಾರ್ಕಳ_ಕರಿಗಲ್ಲು
ನೀವೆಲ್ಲ ಸಾಫ್ಟ್‌ವೇರಿನಲ್ಲೇ ಇದ್ದೀರಿ. ಕರಾವಳಿಯಲ್ಲಿ ಸರ್ವರ್ ಹೋಗುವುದು ಕರೆಂಟಿಗೆ ಮತ್ತು ಸಿಡಿಲಿಗೆ. ಮೊದಲು ಹೋಗಿ ನೋಡಿ, ಯುಪಿಎಸ್ಸಿಗೆ ಸರ್ವರ್ ಮಾತ್ರ ಸಿಕ್ಕಿಸಿದ್ದಾರಾ ಅಂತ. ಸ್ವಿಚ್ಚು, ರೂಟರ್, ಲೈನ್ ಕಂಪನಿಯವರ ಗೋಡೆ ಪೆಟ್ಟಿಗೆ ಮೂರೂ ಗೋಡೆ ಪ್ಲಗ್ಗಿನಲ್ಲಿ ಇರ್ತವೆ. ಕರೆಂಟು ಹೋದ ಕ್ಷಣಕ್ಕೆ ಸರ್ವರ್ ಜೀವಂತ, ನೆಟ್‌ವರ್ಕ್ ಇಲ್ಲ. ನಿಮ್ಮ ಸ್ಪ್ಲಿಟ್ ಬ್ರೇನ್ ಅಲ್ಲಿಂದಲೇ ಶುರು.

ಬ್ಯಾಟರಿ ಲೆಕ್ಕ: 12 ವೋಲ್ಟ್ 42 ಆಂಪಿಯರ್‌ಅವರ್‌ನ ಮೂರು ಬ್ಯಾಟರಿ ಅಂದರೆ 1512 ವಾಟ್‌ಅವರ್. ಬೇಗ ಖಾಲಿ ಮಾಡುವಾಗ ಅದರ 70 ಶೇಕಡಾ ಸಿಕ್ಕರೆ ಪುಣ್ಯ, ಇನ್ವರ್ಟರ್ 85 ಶೇಕಡಾ. ಕೈಗೆ ಬರುವುದು 900. 400 ವಾಟ್ ಲೋಡಿಗೆ ಎರಡೂಕಾಲು ಗಂಟೆ, ಅದೂ ಹೊಸ ಬ್ಯಾಟರಿಯಲ್ಲಿ. ಸೀಲ್ಡ್ ಲೆಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧ ಆಗ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಏಪ್ರಿಲ್ ಸೆಕೆಗೆ ಎಷ್ಟಿರ್ತದೆ ನೀವೇ ನೋಡಿ.

ಸುರತ್ಕಲ್_ಪ್ಯಾಕೆಟ್
ಇದಕ್ಕೆ ಸೇರಿಸ್ತೇನೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸಿಕ್ಕಿಸಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ, ಬ್ಯಾಟರಿ ತಳ ಮುಟ್ಟುವ ಮೊದಲೇ ಡೇಟಾಬೇಸ್ ಕ್ರಮವಾಗಿ ಮುಚ್ಚಲಿ. ಇಲ್ಲೊಂದು ಬಲೆ ಉಂಟು. ಶಟ್‌ಡೌನ್ ಅರ್ಧ ಆಗಿರುವಾಗ ಕರೆಂಟು ಬಂತು ಅಂತಿಟ್ಟುಕೊಳ್ಳಿ. ಸರ್ವರ್ ಆಫ್ ಆಯ್ತು, ಆದರೆ ಯುಪಿಎಸ್ ಔಟ್‌ಪುಟ್ ಒಂದು ಕ್ಷಣವೂ ಹೋಗಲಿಲ್ಲ. ಬಯಾಸಿನಲ್ಲಿ 'ಕರೆಂಟು ಬಂದಾಗ ಆನ್ ಆಗು' ಅಂತ ಇದ್ದರೂ ಅದಕ್ಕೆ ಕರೆಂಟು ಹೋದದ್ದೇ ಕಾಣಲಿಲ್ಲವಲ್ಲ. ಯಾರಾದರೂ ಹೋಗಿ ಒತ್ತುವವರೆಗೆ ಹಾಗೇ ಆಫ್. ಹಾಗಾಗಿ ಶಟ್‌ಡೌನಿನ ಕೊನೆಯ ಹೆಜ್ಜೆಯಲ್ಲಿ ಯುಪಿಎಸ್ಸಿಗೇ ಔಟ್‌ಪುಟ್ ಕಡಿದು ಮತ್ತೆ ಕೊಡಲು ಆದೇಶ ಹೋಗಬೇಕು. ಆ ಟೂಲಿನಲ್ಲಿ ಅದಕ್ಕೆ ವ್ಯವಸ್ಥೆ ಉಂಟು, ಎಲ್ಲ ಯುಪಿಎಸ್ಸೂ ಕೇಳುವುದಿಲ್ಲ. ಕೊಳ್ಳುವ ಮೊದಲು ಪರೀಕ್ಷಿಸಿ.

ಕುಂದಾಪ್ರ_ಹೈದ
ಸಿಡಿಲಿಗೆ ಎಂತ ಮಾಡುದು? ಗೋಡೌನಿಗೂ ಕಚೇರಿಗೂ ಮಧ್ಯ ಕ್ಯಾಟ್6 ಎಳೆದದ್ದು ಪ್ರತಿ ಮೇ ತಿಂಗಳು ಸ್ವಿಚ್ಚಿನ ಪೋರ್ಟ್ ಸುಡ್ತದೆ ಅಂತ ಕೇಳಿದ್ದೆ.

ಕಾರ್ಕಳ_ಕರಿಗಲ್ಲು
ಎರಡು ಕಟ್ಟಡದ ನಡುವೆ ತಾಮ್ರ ಎಳೆಯಲೇಬಾರದು. ಹತ್ತಿರ ಸಿಡಿಲು ಬಿದ್ದಾಗ ಎರಡು ಕಟ್ಟಡದ ಅರ್ತಿಂಗ್ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳ್ತದೆ, ನಿಮ್ಮ ಕ್ಯಾಟ್6 ಅದನ್ನು ಸೇರಿಸುವ ತಂತಿ ಆಗ್ತದೆ. ಫೈಬರ್ ಹಾಕಿ. ಅದರಲ್ಲೂ ಹೊರಗಿನ ಡ್ರಾಪ್ ಕೇಬಲ್ಲಿನಲ್ಲಿ ಕಬ್ಬಿಣದ ತಂತಿ ಇರ್ತದೆ. ಅದನ್ನು ಗೋಡೆಯ ಹೊರಗೇ ಕಡಿದು ನಿಲ್ಲಿಸಿ, ರ‍್ಯಾಕಿನವರೆಗೆ ಒಳಗೆ ತರಬೇಡಿ.

ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗಿನ ರೋಧ ಏರ್ತದೆ. ಜುಲೈಯಲ್ಲಿ ಅಳೆದು 'ಸರಿ ಉಂಟು' ಅಂತ ಬರೆದ ರಿಪೋರ್ಟಿಗೆ ಬೆಲೆ ಇಲ್ಲ. ಏಪ್ರಿಲಿನಲ್ಲಿ ಅರ್ತ್ ಟೆಸ್ಟರ್ ಹಾಕಿ ಅಳೆಯಿರಿ, 5 ಓಮ್‌ಗಿಂತ ಕೆಳಗಿರಲಿ. ಮುಂಗಾರಿಗೆ ಮೊದಲಿನ ಸಿಡಿಲು ಬರುವುದು ಆ ಒಣ ನೆಲದ ಮೇಲೆಯೇ. ಸರ್ಜ್ ಪ್ರೊಟೆಕ್ಟರಿನ ತಂತಿಗಳು ಒಟ್ಟು ಅರ್ಧ ಮೀಟರ್ ಮೀರಬಾರದು, ಉದ್ದವಾದಷ್ಟೂ ಅದು ಕೆಲಸಕ್ಕೆ ಬರುವುದಿಲ್ಲ. ಮತ್ತೆ 'ಕಂಪ್ಯೂಟರ್ ಅರ್ತ್' ಅಂತ ಬೇರೆ ಗುಂಡಿ ತೋಡಿ ಅದನ್ನು ಕಟ್ಟಡದ ಅರ್ತಿಗೆ ಸೇರಿಸದೆ ಬಿಡುವುದು ಅಪಾಯ. ಎಲ್ಲವೂ ಒಂದಕ್ಕೊಂದು ಸೇರಿರಬೇಕು.

ಬಂಟ್ವಾಳ_ಬಿಟ್ಸ್
ಸ್ವಲ್ಪ ಬೇರೆ ವಿಷಯ. ರೆಪ್ಲಿಕಾ ಇದ್ದ ಮೇಲೆ ಬ್ಯಾಕಪ್ ಬೇರೆ ಯಾಕೆ ಅಂತ ಮ್ಯಾನೇಜ್‌ಮೆಂಟಿನವರು ಕೇಳ್ತಾರಲ್ಲ, ಅದಕ್ಕೆ ಎಂತ ಹೇಳುದು?

ಕದ್ರಿ_ಡಿಬಿಎ
ಉಡುಪಿಯಲ್ಲಿ ಟೇಬಲ್ ಅಳಿಸಿದರೆ ಮಂಗಳೂರಿನಲ್ಲೂ ಕ್ಷಣದಲ್ಲಿ ಅಳಿಸಿ ಹೋಗ್ತದೆ ಅಂತ ಹೇಳಿ. ಕೋಡ್ ಇಡುವ ಇನ್ನೊಂದು ತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ಕ್ಕೆ ರೆಪ್ಲಿಕಾ ಸರಿಮಾಡುವ ಗಡಿಬಿಡಿಯಲ್ಲಿ ಪ್ರೈಮರಿಯ ಡೇಟಾ ಡೈರೆಕ್ಟರಿಯೇ ಅಳಿಸಿಹೋಯ್ತು. ದಿನದ ಡಂಪ್ (ಬ್ಯಾಕಪ್ ಪ್ರತಿ) ಆಗ್ತಾ ಇದೆ ಅಂದುಕೊಂಡದ್ದು ಆಗ್ತಾ ಇರಲೇ ಇಲ್ಲ. ಡಂಪ್ ಟೂಲಿನ ಆವೃತ್ತಿ ಡೇಟಾಬೇಸಿನದ್ದಕ್ಕೆ ಹೊಂದದೆ ವಿಫಲವಾಗುತ್ತಿತ್ತು, ಎಚ್ಚರಿಕೆಯ ಮೇಲ್‌ಗಳೂ ತಲುಪುತ್ತಿರಲಿಲ್ಲ. ಉಳಿಸಿದ್ದು ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್.

ವಾರಕ್ಕೊಂದು ಪೂರ್ಣ ಬ್ಯಾಕಪ್, ನಡುವಿನ ಎಲ್ಲ ವಾಲ್ ಫೈಲುಗಳ (ಪ್ರತಿ ಬದಲಾವಣೆಯ ದಾಖಲೆ) ಆರ್ಕೈವ್. ಒಂದೊಂದು 16 ಎಂಬಿ. ವ್ಯವಹಾರ ಕಡಿಮೆ ಇರುವ ಹೊತ್ತಿಗೂ ಹೋಗಲಿ ಅಂತ ಆರ್ಕೈವ್ ಟೈಮ್‌ಔಟ್ 60 ಸೆಕೆಂಡು. ಇದರಿಂದ 'ಬೆಳಿಗ್ಗೆ 11:42ಕ್ಕೆ ಹೇಗಿತ್ತೋ ಹಾಗೆ' ಅಂತ ತಿರುಗಿಸಬಹುದು. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ನಿಜವಾಗಿ ರಿಸ್ಟೋರ್ ಮಾಡಿ, ಒಟ್ಟು ಠೇವಣಿ ಮೊತ್ತವನ್ನು ಆ ದಿನದ ಟ್ರಯಲ್ ಬ್ಯಾಲೆನ್ಸ್ ಜೊತೆ ತಾಳೆ ನೋಡಿ. ಹಿಡಿದ ಸಮಯ ಬರೆದಿಡಿ, ಆಡಳಿತ ಮಂಡಳಿಗೆ ಕೊಡಬೇಕಾದ ಸಂಖ್ಯೆ ಅದು.

ಮಣಿಪಾಲ_ಕೋರಂ
ಆ ಬ್ಯಾಕಪ್ ಘಟ್ಟದ ಮೇಲೆ ಇರಲಿ. ಉಡುಪಿ, ಮಂಗಳೂರು ಎರಡೂ ಒಂದೇ ಕಡಲಿನ ದಡ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಎರಡೂ ಜಿಲ್ಲೆಗೆ ಒಟ್ಟಿಗೇ ಹೊಡೆಯಿತು. 2020ರ ಸೆಪ್ಟೆಂಬರ್ ನೆರೆಗೆ ಉಡುಪಿಯಲ್ಲಿ ನೆಲಮಹಡಿಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ಗೊತ್ತು. ಸರ್ವರ್ ಮೊದಲ ಮಹಡಿಗೆ, ಬ್ಯಾಟರಿಯೂ ನೆಲದ ಮೇಲೆ ಬೇಡ. ಬ್ಯಾಕಪ್ಪಿನ ಒಂದು ಪ್ರತಿ ಸರ್ವರಿನ ಪಾಸ್‌ವರ್ಡಿನಿಂದ ಅಳಿಸಲು ಬಾರದಂತೆ ಇರಬೇಕು, ರ‍್ಯಾನ್ಸಮ್‌ವೇರ್ ಮೊದಲು ಹುಡುಕುವುದೇ ಬ್ಯಾಕಪ್ಪನ್ನು.

ಉಡುಪಿ_ಸಿಸ್ಟಮ್ಸ್
ಫೇಲ್‌ಓವರ್ ಆದ ಮೇಲೆ ಹಳೆ ಪ್ರೈಮರಿಯನ್ನು ತಿರುಗಿ ಸೇರಿಸುವುದು ಹೇಗೆ? ಪೂರ್ತಿ ಕಾಪಿ ಮಾಡಬೇಕಾ?

ಕದ್ರಿ_ಡಿಬಿಎ
ಪೋಸ್ಟ್‌ಗ್ರೆಸಿನ ಪಿಜಿ ರಿವೈಂಡ್ ಟೂಲ್ ಸಾಕು, ಬೇರೆಯಾದ ಬ್ಲಾಕುಗಳನ್ನಷ್ಟೇ ತರ್ತದೆ. ಆದರೆ ಮೊದಲೇ ವಾಲ್ ಲಾಗ್ ಹಿಂಟ್ಸ್ ಅನ್ನುವ ಸೆಟ್ಟಿಂಗ್ ಆನ್ ಇರಬೇಕು, ಅಥವಾ ಡೇಟಾ ಚೆಕ್‌ಸಮ್ (ಪ್ರತಿ ಬ್ಲಾಕಿನ ತಾಳೆ ಸಂಖ್ಯೆ) ಇರಬೇಕು. ಚೆಕ್‌ಸಮ್ಮನ್ನೇ ಮಾಡಿ, ಡಿಸ್ಕ್ ಸದ್ದಿಲ್ಲದೆ ಕೆಡಿಸಿದ ಬ್ಲಾಕೂ ಸಿಕ್ಕಿಬೀಳ್ತದೆ. ಡೇಟಾಬೇಸ್ ನಿಲ್ಲಿಸಿ ಪಿಜಿ ಚೆಕ್‌ಸಮ್ಸ್ ಓಡಿಸಿದರೆ ಆಯ್ತು, ಒಂದು ಭಾನುವಾರದ ಕೆಲಸ. ರಿವೈಂಡ್ ಒತ್ತುವ ಮೊದಲು ಹಳೆ ಡೈರೆಕ್ಟರಿಯ ಒಂದು ಪ್ರತಿ ತೆಗೆದಿಡಿ. ಮಂಗಳೂರಿಗೆ ತಲುಪದ ವ್ಯವಹಾರ ಏನಾದರೂ ಇದ್ದರೆ ಅದರ ಏಕೈಕ ಸಾಕ್ಷಿ ಅಲ್ಲಿರ್ತದೆ, ರಿವೈಂಡ್ ಅದನ್ನು ಒರೆಸಿಬಿಡ್ತದೆ.

ರೆಪ್ಲಿಕೇಶನ್ ಸ್ಲಾಟ್ ಬಗ್ಗೆಯೂ ಜಾಗ್ರತೆ. ಮಂಗಳೂರು ಎರಡು ದಿನ ಇಲ್ಲದಿದ್ದರೆ ಉಡುಪಿ ಅದಕ್ಕಾಗಿ ವಾಲ್ ಕೂಡಿಹಾಕುತ್ತಾ ಹೋಗಿ ಡಿಸ್ಕ್ ತುಂಬಿ ತಾನೇ ನಿಲ್ತದೆ. ಸ್ಲಾಟಿಗೆ ಗರಿಷ್ಠ ಮಿತಿ ಇಡುವ ಸೆಟ್ಟಿಂಗ್ 13ನೇ ಆವೃತ್ತಿಯಿಂದ ಉಂಟು. ಡಿಸ್ಕಿನ ಖಾಲಿ ಜಾಗದ ಅರ್ಧ ಕೊಡಿ.

ಸುರತ್ಕಲ್_ಪ್ಯಾಕೆಟ್
ಪರೀಕ್ಷೆ ಮಾಡುವಾಗ ಸರ್ವರನ್ನು ಚಂದಕ್ಕೆ ಶಟ್‌ಡೌನ್ ಮಾಡಿ 'ಫೇಲ್‌ಓವರ್ ಆಯ್ತು' ಅಂತ ಬರೆಯಬೇಡಿ. ಅದು ಎಲ್ಲಕ್ಕಿಂತ ಸುಲಭದ್ದು. ಪವರ್ ಕೇಬಲ್ ಎಳೆಯಿರಿ. ಐಪಿಟೇಬಲ್ಸಿನಲ್ಲಿ (ಲಿನಕ್ಸಿನ ಫೈರ್‌ವಾಲ್) ಪ್ಯಾಕೆಟ್ ಡ್ರಾಪ್ ಮಾಡಿ, ಮೊದಲು ಎರಡೂ ದಿಕ್ಕು, ಆಮೇಲೆ ಒಂದೇ ದಿಕ್ಕು. ಒಂದೇ ದಿಕ್ಕಿನದ್ದರಲ್ಲಿ ವಿಚಿತ್ರಗಳು ಹೊರಬೀಳ್ತವೆ. ಪತ್ರೋನಿ ಪ್ರಕ್ರಿಯೆಗೆ ಸ್ಟಾಪ್ ಸಿಗ್ನಲ್ ಕಳಿಸಿ ಹೆಪ್ಪುಗಟ್ಟಿಸಿ, ವಾಚ್‌ಡಾಗ್ ನಿಜವಾಗಿ ಯಂತ್ರ ಬೀಳಿಸ್ತದಾ ನೋಡಿ. ನೆಟ್‌ಎಮ್‌ನಲ್ಲಿ (ಕೆಟ್ಟ ಲೈನನ್ನು ಅಣಕಿಸುವ ಲಿನಕ್ಸ್ ಟೂಲ್) 300 ಮಿಲಿಸೆಕೆಂಡು ವಿಳಂಬ, ಶೇಕಡಾ 10 ನಷ್ಟ ಹಾಕಿ ಅರ್ಧ ಗಂಟೆ ಬಿಡಿ. ಈ ಹೊತ್ತಿನಲ್ಲಿ ಸುಮ್ಮಸುಮ್ಮನೆ ನಾಯಕ ಬದಲಾಗಬಾರದು.

ಉಡುಪಿ_ಸಿಸ್ಟಮ್ಸ್
ತುಂಬ ಉಪಕಾರ. 4ಜಿ ಬ್ಯಾಕಪ್ ಲೈನಿಗೆ ಸ್ಥಿರ ಐಪಿ ಸಿಗುವುದಿಲ್ಲ ಅಂತಾರೆ, ಅದರ ಮೇಲೆ ಮಂಗಳೂರಿಗೆ ಹೋಗುವುದು ಹೇಗೆ? ಮುಖ್ಯ ಲೈನಿನ ಮೇಲೂ ವಯರ್‌ಗಾರ್ಡ್ (ವಿಪಿಎನ್ ಟನಲ್) ಹಾಕಿ ನೋಡಿದರೆ ಪಿಂಗ್ ಹೋಗ್ತದೆ, ರೆಪ್ಲಿಕೇಶನ್ ಮಾತ್ರ ನಡುವೆ ನಿಲ್ಲುತ್ತದೆ. ಆ ಲೈನ್ ಪಿಪಿಪಿಒಇ (ಲಾಗಿನ್ ಮಾಡಿ ಸೇರುವ ವಿಧ).

ಪುತ್ತೂರು_ನೆಟ್
4ಜಿ ಬದಿಯಿಂದಲೇ ಹೊರಗೆ ಹೋಗಿ ಬೆಂಗಳೂರಿನ ಆ ಸಣ್ಣ ಮಶೀನಿಗೆ ಸೇರಲಿ, ಅದಕ್ಕೆ ಸ್ಥಿರ ಐಪಿ ಇರ್ತದೆ. ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡು ಇಡಿ, ಇಲ್ಲದಿದ್ದರೆ ಕಂಪನಿಯ ನ್ಯಾಟ್ (ಹಲವರಿಗೆ ಒಂದೇ ಐಪಿ ಹಂಚುವ ವ್ಯವಸ್ಥೆ) ದಾರಿ ಮುಚ್ಚಿಬಿಡ್ತದೆ.

ರೆಪ್ಲಿಕೇಶನ್ ನಿಲ್ಲುವುದಕ್ಕೆ ಕಾರಣ ಬಹುತೇಕ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಪಿಂಗ್ ಸಣ್ಣ ಪ್ಯಾಕೆಟ್, ದಾಟ್ತದೆ. ವಾಲ್ ದೊಡ್ಡ ಪ್ಯಾಕೆಟ್, ನಡುವೆ ಬಿದ್ದುಹೋಗ್ತದೆ. ವಯರ್‌ಗಾರ್ಡಿನ ಡಿಫಾಲ್ಟ್ 1420 ಅನ್ನುವುದು 1500ರ ಲೈನಿಗೆ. ಪಿಪಿಪಿಒಇ 1492, ಅದರಲ್ಲಿ ವಯರ್‌ಗಾರ್ಡ್ ಸೇರಿಸುವ 80 ಬೈಟ್ ಕಳೆದು 1412 ಇಡಿ, ಎರಡೂ ತುದಿಯಲ್ಲಿ. ಆಮೇಲೆ ಟನಲ್ ಒಳಗೆ ತುಂಡು ಮಾಡಬೇಡ ಎನ್ನುವ ಆಯ್ಕೆ ಹಾಕಿ 1384 ಬೈಟಿನ (1412ರಲ್ಲಿ ಹೆಡರಿನ 28 ಕಳೆದದ್ದು) ಪಿಂಗ್ ಕಳಿಸಿ. ಅದು ಹೋಗಬೇಕು, 1385 ಹೋಗಬಾರದು. 4ಜಿ ಟನಲ್ಲಿಗೆ 1280 ಇಟ್ಟುಬಿಡಿ.